ತಳವಾರನ ಆಯ

ಅಕ್ಕಲಕೋಟ ಬಸ್‌ಸ್ಟ್ಯಾಂಡಿನ ಎದುರು
ಚಪ್ಪಲಿ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವ
ನಂದೊಂದು ಝೆರಾಕ್ಸ್ ಮಷೀನು.
ಎರಡು ರೂಪಾಯಿಗೆ ಒಂದು ಮಾರಿ,
ಹಿಂದ ಮುಂದ ಎರಡೂ ಬೇಕಂದ್ರ ಮೂರು.

ಮಟಮಟ ಮಧ್ಯಾಹ್ನ ಕಸ್ತೂರಬಾಯಿ ಬಂದ್ಲು,
ಸೆರಗಿನ ಗಂಟಿನಾಗ ನಾಕು ಮಡಿಕಿ ನೋಟೀಸು.
ಪುಣೆದಾಗ ಯಾರೋ ಆಕಿ ಹೆಸರಲೆ ಸಾಲ ಎತ್ಯಾರ,
ಕರೀ ಮೋಟರ್‌ಸೈಕಲ್ಲು, ಎಂಬತ್ತೆಂಟು ಸಾವಿರ.
ವಸೂಲಿ ಹುಡುಗರು ನಿನ್ನಿ ಮನಿಗೆ ಬಂದು
ಕೋಳಿಬುಟ್ಟಿ ಸೈತ ಎತ್ತಿ ಗಾಡಿ ಹುಡುಕಿದ್ರಂತ.
"ನಾ ಸೈಕಲ್ಲಿನ ಕ್ಯಾರಿಯರ್ ಮ್ಯಾಲ ಕುಂತಾಕಿ,
ಗಂಡ ಇದ್ದಾಗ, ಅದೂ ಒಮ್ಮೆ, ದವಾಖಾನಿಗೆ."

ಇವತ್ತು ಮುಂಜಾನಿ ಬ್ಯಾಂಕಿನ ಫೋನಂತ, ಜೇನಿನಂಥ ಮರಾಠಿ:
ತಿಂಗಳಿಗೆ ನೂರಾ ನಲವತ್ತೊಂಬತ್ತು ಕೊಡ್ರಿ ಮೌಸಿ,
ನಿಮ್ಮ ಹೆಸರು ನಾವು ಕಾಯ್ತೀವಿ,
ಎಲ್ಲಿ ಯಾರು ಮುಟ್ಟಿದ್ರೂ ತಟ್ಟನ ಸುದ್ದಿ ಮುಟ್ಟಸ್ತೀವಿ.
"ಕೊಡ್ಲೇನವಾ? ನೀ ಕಲತಾಕಿ, ಹೇಳು."

ನನಗ ಮುತ್ಯಾ ನೆನಪಾದ.
ಮೈಂದರ್ಗಿ ತಳವಾರ. ಸುಗ್ಗಿಗೆ ಮನಿಗೊಂದು ಸೇರು ಜ್ವಾಳ ಆಯ,
ರಾತ್ರಿಯೆಲ್ಲಾ ಕೋಲು ಕುಟ್ಟಿಗೋತ ಓಣಿ ತಿರುಗಾಂವ.
ಒಂದು ಅಮಾಸಿಗೆ ಗೌಡರ ಹಗೇವು ಖಾಲಿ ಆತು.
ಆಯ ತಿಂದು ಏನ್ ಮಾಡ್ತಿದ್ದಿ ಅಂತ ಪಂಚರು ಕೇಳಿದ್ರ
ಅಂವ ಅಂದದ್ದು ಇನ್ನೂ ಮಂದಿ ಆಡಿಕೋತಾರ:
"ಕಳ್ಳ ಹ್ವಾದ ಅಂತ ಮೊದಲ ಒದರಿದಾಂವ ನಾನ ಅಲ್ಲೇನ್ರಿ?"

ಇವರೂ ಅಷ್ಟ ಮೌಸಿ, ಒದರಾವ್ರು. ಕದ ಹಾಕಾವ್ರಲ್ಲ.
ಬೆರಳಿನ ಗುರುತಿಗೆ ಕೀಲಿ ನಿನ್ನ ಫೋನಿನಾಗ ಐತಿ, ಪುಕಟ,
ಹಾಕಿ ಕೊಡ್ತೀನಿ ತಾ
ಅನ್ನಾಕಿ ಇದ್ದೆ.
ಆದ್ರ ಮುತ್ಯಾ ಸತ್ತ ವರ್ಷ
ಕೋಲಿನ ಸಪ್ಪಳಿಲ್ಲದ ಊರಿಗೆ ನಿದ್ದಿ ಹತ್ತಲಿಲ್ಲ,
ಅದೂ ಖರೇನ.

ಮಾತು ಬಾಯಾಗ ಇಟಗೊಂಡ ನೋಟೀಸು ಬಿಚ್ಚಿದೆ.
ಸಾಲಗಾರ್ತಿ: ಕಸ್ತೂರಬಾಯಿ ಹತ್ತಾರೆ.
ಹತ್ತೂರೆ ಅಲ್ಲ. ಹತ್ತಾರೆ.

ಆಧಾರದಾಗ ಸರಿ ಐತಿ, ಪಾಸ್‌ಬುಕ್ಕಿನಾಗ ಸರಿ ಐತಿ,
ರೇಶನ್ ಕಾರ್ಡಿನಾಗ ಗಂಡನ ಹೆಸರು ತಪ್ಪು, ಈಕಿದು ಸರಿ.
ಹತ್ತಾರೆ ಅಂತ ಆಕಿ ಜಲ್ಮದಾಗ ಒಮ್ಮೆ ಆಗಿದ್ಲು,
ಹ್ವಾದ ದೀಪಾವಳಿ ಮುಂದ, ನನ್ನ ಕೀಬೋರ್ಡಿನ ಮ್ಯಾಲ.
ನಿರಾಧಾರ ಪಗಾರದ ಅರ್ಜಿ. ಲೈಟು ಹೋಗಿ ಬಂದು
ಸರತಿಯಾಗ ನಿಂತಾವ್ರು ಬೈಯಾಕತ್ತಿದ್ರು.
ಈ ಹಾಳಿ ಕೆಟ್ಟಿತು ಅಂತ ಬ್ಯಾರೆ ತೆಗೆದುಕೊಟ್ಟೆ.
ಕೆಟ್ಟದ್ದು ಬುಟ್ಟಿಗೆ. ಬುಟ್ಟಿ ರದ್ದಿಗೆ.
ರದ್ದಿ ಕಿಲೋಕ್ಕ ಹನ್ನೆರಡು.

ರಸ್ತೆ ಆಚಿ ಚನ್ನಮಲ್ಲ ಭಜಿ ಕಟ್ಟಾಕತ್ತಿದ್ದ.
ಯಾರೋ ತಿಂದು, ಬೆರಳೊರಸಿ ಒಗದ ಹಾಳಿ
ಗಾಳಿಗೆ ಉರುಳಿ ಬಂದು ನನ್ನ ಪಾವಟಿಗಿಗೆ ಅಂಟಿತು.
ಎಣ್ಣಿ ಕುಡದ ಕಾಗದದಾಗ
ಯಾರದೋ ಮಗಳು, ಎರಡು ಜಡಿ,
ಕೆಳಗ ಹನ್ನೆರಡು ಅಂಕಿ, ಒಂದೂ ಅಳಿಸಿಲ್ಲ.

"ಕೊಡ್ಲೋ ಬ್ಯಾಡೋ?"
ಬ್ಯಾಡ ಅಂದೆ.
ಯಾಕಂತ ಕೇಳಿದ್ಲು. ಮುತ್ಯಾನ ಕತಿ ಹೇಳಿದೆ, ಹೊಟ್ಟಿ ಹಿಡದು ನಕ್ಕಳು.
ಹಾಳಿ ಕತಿ ಹೇಳಲಿಲ್ಲ.

ಪೊಲೀಸರಿಗೆ ಫಿರ್ಯಾದಿ ಬರದುಕೊಟ್ಟೆ, ಹೆಸರು ಮೂರು ಸಲ ಓದಿ.
ಮೂರು ಝೆರಾಕ್ಸು. ರೊಕ್ಕ ಬ್ಯಾಡ ಅಂದೆ.
ಆಕಿ ಕೇಳಲಿಲ್ಲ. ಕೌಂಟರಿನ ಮ್ಯಾಲ ಆರು ರೂಪಾಯಿ ಎಣಿಸಿ
"ತಗೋ, ನಿನ್ನ ಆಯ" ಅಂತ ನಕ್ಕೋತ ಹ್ವಾದ್ಲು.

ಸಂಜಿತನಕ ಅವು ಅಲ್ಲೇ ಇದ್ದುವು.
ದೀಪ ಹಚ್ಚೂ ಹೊತ್ತಿಗೆ ಚನ್ನಮಲ್ಲನ ಹುಡುಗ
ಖಾಲಿ ಚೀಲ ಹಿಡಕೊಂಡು ಬಾಗಲಾಗ ನಿಂತ:
"ಅಕ್ಕಾ, ಇವತ್ತಿನ ರದ್ದಿ?"