ಹ್ಯಾಂಡಲಿನ ಚೀಲ

ಗಾಡಿ ಇನ್ನು ನಿನ್ನದು, ನವ್ಯ.
ಬ್ರೇಕು ಸ್ವಲ್ಪ ತಡವಾಗಿ ಹಿಡಿಯುತ್ತೆ,
ಮಳೆ ಬಿದ್ದರೆ ಹಾರನ್ನು ಮಾತಾಡಲ್ಲ,
ಅದೆಲ್ಲ ಎರಡು ದಿನಕ್ಕೆ ನಿನಗೇ ಗೊತ್ತಾಗುತ್ತೆ.
ಹ್ಯಾಂಡಲಿಗೆ ನೇತಾಡುವ ಈ ಚೀಲದ ವಿಷಯ ಮಾತ್ರ
ನಾನೇ ಹೇಳಬೇಕು.

ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು.
ಒಳಗೆ ಕೈ ಹಾಕು. ಇಣುಕಬೇಡ, ಕೈಯಲ್ಲೇ ನೋಡು.
ಪಂಚರ್ ಆಗುವುದು ಕತ್ತಲಲ್ಲೇ,
ಮೂರು ಮೂಟೆ ಗೂಡು ಬಿಗಿದು
ಹರಾಜಿಗೆ ಮುಂಚೆ ಶಿಡ್ಲಘಟ್ಟ ಮುಟ್ಟಬೇಕೆಂದು
ಹೊರಟ ದಿನವೇ.

ಮೊದಲ ಸಲ ನನ್ನ ಹತ್ತಿರ ಏನೂ ಇರಲಿಲ್ಲ.
ದಿಬ್ಬೂರಹಳ್ಳಿ ದಾಟಿದ ಮೇಲೆ ಹಿಂದಿನ ಚಕ್ರ
ಸೊಂಟ ಬಿದ್ದ ಎಮ್ಮೆಯ ಹಾಗೆ ಕುಂತಿತು.
ತಳ್ಳಿದೆ. ಎಷ್ಟು ಮೈಲಿ ಅಂತ ಕೇಳಬೇಡ,
ಎಡಗಾಲ ಚಪ್ಪಲಿಯ ಉಂಗುಟ ಕಿತ್ತದ್ದು ನೆನಪಿದೆ.
ಹೋಗುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ನೆಲ ಗುಡಿಸುತ್ತಿದ್ದರು.
ಹೊರಗೆ ನಿಂತಿದ್ದ ದಲ್ಲಾಳಿ
ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ,
ರೇಟು ಹೇಳಿದ್ದು ಮಾತ್ರ ನನ್ನ ಬೆವರು ನೋಡಿ.

ಅವತ್ತೇ ಬಾಬಾಜಾನ್ ಪಂಚರ್ ಅಂಗಡಿಯ ಬೆಂಚಿನ ಮೇಲೆ ಕೂತೆ.
ಕಲಿಸು ಅಂದೆ.
ಹೆಂಗಸರಿಗೆ ಯಾಕಮ್ಮ ಇದು, ಅಂದ.
ಹೆಂಗಸರ ಟೈರಿಗೆ ಮುಳ್ಳು ಚುಚ್ಚಲ್ವಾ, ಅಂದೆ.

ಕೈಗೆ ತಣ್ಣಗೆ ಸಿಕ್ಕಿತಲ್ಲ, ಅದು ಸ್ಪ್ಯಾನರು.
ಪಕ್ಕದಲ್ಲಿ ಟೈರು ಕೀಳುವ ಪಟ್ಟಿ, ಮೂರು.
ಎರಡೇ ಸಾಕು, ಮೂರನೆಯದರ ಕತೆ ಆಮೇಲೆ.
ಒಂದು ಅಂಗಡಿಯದು,
ಇನ್ನೊಂದು ನಮ್ಮತ್ತೆಯ ಮುರಿದ ಸೌಟಿನ ಹಿಡಿ.
ಟ್ಯೂಬಿಗೆ ಗಾಯ ಮಾಡಲ್ಲ,
ಅತ್ತೆಗಿಂತ ಅದರ ಅಂಚು ಮೆತ್ತಗೆ.

ಮೂಟೆ ಇಳಿಸು ಮೊದಲು. ಟ್ಯೂಬು ಹೊರಗೆಳೆ.
ಆ ಬೀಳಿನಲ್ಲಿ ನೀರಿನ ಬೋಗುಣಿ ಎಲ್ಲಿಂದ ತರುತ್ತೀ?
ಗಾಳಿ ತುಂಬಿ ಕೆನ್ನೆಗೆ ಹಿಡಿ,
ಕೆಳತುಟಿಗೆ ಇನ್ನೂ ಚೆನ್ನಾಗಿ ತಿಳಿಯುತ್ತೆ:
ಕೂಸು ನಿದ್ದೆಯಲ್ಲಿ ಉಸಿರು ಬಿಟ್ಟಷ್ಟು ಸಣ್ಣಗೆ.
ಅಲ್ಲಿಗೆ ಉಗುಳು ಹಚ್ಚು, ಗುಳ್ಳೆ ಏಳುತ್ತೆ.
ನಾಚಬೇಡ,
ತಲಕಾಯಲಬೆಟ್ಟ ಬಿಟ್ಟರೆ ಯಾರೂ ನೋಡಲ್ಲ.
ಟೈರಿನ ಒಳಗೂ ಬೆರಳಾಡಿಸು, ಮೆಲ್ಲಗೆ,
ಜಾಲಿಮುಳ್ಳು ಇನ್ನೂ ಅಲ್ಲೇ ಕೂತಿರುತ್ತೆ.
ಅದನ್ನು ಕೀಳದೆ ಪ್ಯಾಚು ಹಾಕಿದವಳು ನಾನು.
ಎರಡು ಸಲ.

ಇನ್ನು ಸಲ್ಯೂಷನ್.
ಹೋದ ವರ್ಷ, ಯುಗಾದಿ ಕಳೆದ ವಾರ, ಅದೇ ರಸ್ತೆ.
ಟ್ಯೂಬು ಉಜ್ಜಿ, ಪ್ಯಾಚು ಕತ್ತರಿಸಿಟ್ಟು,
ಮುಚ್ಚಳ ತಿರುಗಿಸಿದರೆ ಒಳಗೆ ಒಣಗಿ ಕಲ್ಲು.
ಮೂಟೆಯಲ್ಲಿ ಹುಳುಗಳು ಬಾಗಿಲು ಹಾಕಿಕೊಂಡು ಮಲಗಿದ್ದವು,
ಅವಕ್ಕೇನು ಅವಸರ.

ಆಗ ಒಬ್ಬ ಬಂದ, ಸೈಕಲ್ಲು ತಳ್ಳಿಕೊಂಡು.
ಕ್ಯಾರಿಯರ್ ಮೇಲೆ ಒದ್ದೆ ಬಟ್ಟೆ ಸುತ್ತಿದ ಕನಕಾಂಬರ.
ಅವನದೂ ಮುಂದಿನ ಚಕ್ರ ಕುಂತಿತ್ತು.
ಜೇಬಿನಲ್ಲಿ ಸೀಲು ಒಡೆಯದ ಸಲ್ಯೂಷನ್, ಪಂಪಿಲ್ಲ.
‘ಗಾಲಿ ಉಂದಾ?’ ಅಂದ.
‘ಉಂದಿ’ ಅಂದೆ.
ತೆಲುಗಿನಲ್ಲಿ ಗಾಲಿಯೆಂದರೆ ಗಾಳಿ, ನಮ್ಮಲ್ಲಿ ಚಕ್ರ,
ಆ ಹೊತ್ತಿನಲ್ಲಿ ಎರಡೂ ಒಂದೇ.

ಎರಡು ಪ್ಯಾಚಿನ ಮೇಲೆ ಎರಡು ಹೆಬ್ಬೆರಳು ಒತ್ತಿ
ರಸ್ತೆಬದಿಯಲ್ಲಿ ಕೂತೆವು,
ಪತ್ರಕ್ಕೆ ಹೆಬ್ಬೆಟ್ಟು ಹಾಕುವವರ ಹಾಗೆ.
ಹೂವಿನ ನೀರು ತೊಟ್ಟಿಕ್ಕಿ ಮಣ್ಣು ಕಪ್ಪಾಯಿತು.
ಹೂವಿಗೆ ರೇಟು ಹೇಗಿದೆ ಅಂತ ಕೇಳಿದೆ. ತಲೆ ಅಲ್ಲಾಡಿಸಿದ.

ಹರಾಜು ಸಿಕ್ಕಿತು. ಬರೆದುಕೊಳ್ಳುವಂಥ ರೇಟೇನಲ್ಲ.
ಸಂಜೆ ಚೀಲ ಕೊಡವಿದರೆ ಮೂರು ಪಟ್ಟಿ ಬಿದ್ದವು,
ಒಂದರ ತುದಿಗೆ ಕೆಂಪು ಬಣ್ಣ.
ಹೆಸರು ಕೇಳಿರಲಿಲ್ಲ.

ಕನಕಾಂಬರ ಹೊತ್ತು ಸೈಕಲ್ಲು ತಳ್ಳುವವನು ಕಂಡರೆ
ನಿಲ್ಲಿಸಿ ಆ ಪಟ್ಟಿ ತೋರಿಸು.
ಅವನಲ್ಲದಿದ್ದರೂ ಪಂಪು ಕೊಡು.
ಸಲ್ಯೂಷನ್ ಆರು ತಿಂಗಳಿಗೊಂದು ಹೊಸದು ತಗೋ,
ಹಳೆಯದು ಮುಗಿಯಲಿ ಅಂತ ಕಾಯಬೇಡ,
ಅದು ಮುಗಿಯೋದಿಲ್ಲ, ಒಣಗುತ್ತೆ.
ಮುಚ್ಚಳ ಬಿಗಿ ಮಾಡು.
ಇನ್ನೂ ಒಂದು ಸುತ್ತು.