ಖಾಲಿ ಖಾನೆ

ಗದಗಿನ ಪ್ರೆಸ್ಸಿನ್ಯಾಗ ಹನ್ನೊಂದು ವರ್ಷ ಮೊಳಿ ಜೋಡಿಸಿದೆ.
ತಿರುವುಮುರುವು ಓದೂದು ಕಣ್ಣಿಗೆ ರೂಢಿ ಆತು,
ಕಣ್ಣಿಂದ ಬಾಳ್ವೆಗೆ.

ಆಗ ನನ್ನ ಭಕ್ತಿಗೆ ಮೂಗಿನ ತುದೀಗೇ ಸಿಟ್ಟು.
ಬೆಟಗೇರಿ ಸಭೆಯವರ ಕರಪತ್ರ ಬಂದರ
ಕಾಲಿಂದ ಸರಿಸಿದೆ.
ಪ್ರೂಫ್ ತಿದ್ದೂ ಸತ್ಯಮಿತ್ರ ಮಾಸ್ತರ
ಬಗ್ಗಿ ಎತ್ತಿಕೊಂಡು, ಧೂಳು ಊದಿ,
ತಾವೇ ಸ್ಟಿಕ್ ಹಿಡಿದು ಕುಂತರು.
ಅವರ ಬಿಳೀ ಕೋಟಿನ ಬೆನ್ನಿಗೆ ಮಸಿಕೈ ಒರೆಸಿದವನೂ ನಾನೇ.
ಐದೂ ಬೆರಳು ಹೊತಗೊಂಡು
ಅವರು ಬಜಾರದಾಗ ಹಂಗೇ ಹಾದು ಹೋದರು.

ಶಿವರಾತ್ರಿ ಜಾಗರಣೆಯ ಪಟ್ಟಿ ರೊಕ್ಕ ನನ್ನ ಕಡೆ ಇತ್ತು.
ಹೆಂಗ ಕರಗಿತು, ಸೆರೆ ಅಂಗಡಿಗೆ ಗೊತ್ತು.
ತುಂಬಿಕೊಡಾಕ ಸೀಸ ಕದ್ದೆ:
ಅಪರೂಪದ್ದು ಯಾರಿಗೆ ತಿಳೀತೈತಿ ಅಂತ
ಮೊದಲು ಕ್ಷ, ಆಮ್ಯಾಲ ಞ,
ಆಮ್ಯಾಲ ಕೈಗೆ ಸಿಕ್ಕದ್ದು.
ಗುಜರಿಯವ ಅಕ್ಷರ ನೋಡಲಿಲ್ಲ, ತೂಕ ನೋಡಿದ.

ಮರುವಾರ ಮಾಸ್ತರ ಪ್ರೂಫ್ ತೆಗೆದರು.
ಅಕ್ಷರ ಸಿಗದಲ್ಲಿ ಬ್ಯಾರೆ ಮೊಳಿ ಮಗುಚಿಟ್ಟಿದ್ದರು,
ಕರೀ ಚೌಕ ಮೂಡಿತ್ತು:
ರ■ಕ. ದೀ■ಸ್ನಾನ.
ಕ್ಷಮೆ ಅನ್ನೂದು ಬರೇ ■ಮೆ.
ಮಾಲಕರು ಒದರಿದರು.
‘ನನ್ನ ಪಗಾರದಾಗ ಹಿಡೀರಿ’ ಅಂದರು ಮಾಸ್ತರ.
ನನ್ನ ಕಡೆ ನೋಡಲಿಲ್ಲ.
ನೋಡಿದ್ದರ ಜಗಳಾಡಿ ಹಗುರ ಆಗತಿದ್ದೆ.

ಆ ಈಸ್ಟರಿಗೆ ತಲಿಮ್ಯಾಲೆ ಮೂರು ಬೊಗಸೆ ನೀರು.
ಒಣಗೂದರಾಗ ಅಣ್ಣನ ಜಗಲಿ ಮುಂದ ನಿಂತಿದ್ದೆ,
ದೀಪಕ್ಕ ಎಣ್ಣಿ ಹಾಕೂ ಅತ್ತಿಗಿಯ ಕೈ ತಡೆದು
ಉಪದೇಶ ಮಾಡತಿದ್ದೆ.
ಅಣ್ಣ ಬಾಗಲಾ ಹಾಕಿದ.
ಗೆದ್ದು ಬಂದವರಂಗ ಮಾಸ್ತರಿಗೆ ಹೇಳಿದರ
ಅವರು ಕನ್ನಡಕ ತೆಗೆದು ಸುಮ್ಮನ ಕುಂತು, ಕಡೀಕ
‘ಮೊಳಿ ಅವೇ ಅದಾವಲ್ಲೊ ಮುದಕಪ್ಪ,
ಮಸಿ ಅಷ್ಟ ಬದಲಾತು.’

ಅವರು ಹೋಗಿ ಇಪ್ಪತ್ತು ವರ್ಷ.
ಮೊಳಿಗಳೂ ಹೋದವು ಗುಜರಿಗೆ, ಬಿಲ್ಲಿನ ಸಮೇತ.
ನಾನು ಅಣ್ಣನ ಓಣಿಯಾಗ ಎಷ್ಟೋ ಸಲ ಹಾದೀನಿ,
ಕದ ಬಡಿಯೂವಷ್ಟು ಧೈರ್ಯ ಪ್ರಾರ್ಥನೆಯಿಂದಲೂ ಬರಲಿಲ್ಲ.

ಮೊನ್ನೆ ಅವನ ಮಗ ಬಂದಿದ್ದ,
ತಂಗಿಯ ಲಗ್ನಪತ್ರಿಕೆಯ ಕರಡು ಹಿಡಕೊಂಡು.
‘ತಪ್ಪು ನೋಡಾಕ ನಿಮ್ಮಂಗ ಯಾರಿಲ್ಲಂತ, ಅಪ್ಪ ಹೇಳಿದ.’
ಕೆಳಗ ಕಾಕಾಗಳ ಸಾಲು. ನನ್ನ ಹೆಸರಿಲ್ಲ.
ಕನ್ನಡಕ ಒರೆಸಿ ನೋಡಿದೆ. ಇಲ್ಲ.
‘ಅಕತೆ’ ಅಂತ ಬಿದ್ದಿತ್ತು ಒಂದು ಕಡೆ,
ನಡುವ ಕೆಂಪು ಪೆನ್ನಿಲೆ ದುಂಡಗ ಕ್ಷ ಬರೆದೆ.
ಮ್ಯಾಲೆ, ಮನೆದೇವರು ವೀರಭದ್ರನ ಹೆಸರಿನ್ಯಾಗ
ಒಂದು ಒತ್ತು ಬಿಟ್ಟುಹೋಗಿತ್ತು.
ಅದನ್ನ ಮೊದಲು ತಿದ್ದಿದ್ದೆ.