ಅರವತ್ತಮೂರು ಹೆಸರು

ಹೆಸರಿಗೆ ಇಪ್ಪತ್ತು ರೂಪಾಯಿ ಅಂತ ಮಾತಾಯಿತು.
ಕನ್ನಡದಲ್ಲೂ ಒಂದು ಬೋರ್ಡು ಇರಲೇಬೇಕೆಂದು
ಡಿ.ಸಿ. ಆಫೀಸಿನಿಂದ ಕಾಗದ ಬಂದಿತ್ತಂತೆ. ಇಲ್ಲದಿದ್ದರೆ
ಬಳ್ಳಾರಿ ದಂಡಿನ ಆ ಕ್ಲಬ್ಬಿನ ಗೇಟು
ಅದಿರು ಲಾರಿಗಳ ಬೆನ್ನಿಗೆ ನಂಬರು ಬರೆಯುವ
ಎರ್ರಿಸ್ವಾಮಿಗೆ ಯಾಕೆ ತೆರೆಯಬೇಕು?

ಎಂಟಡಿ ಪ್ಲೈವುಡ್ಡು. ಎಡಕ್ಕೆ ಮೂವತ್ತೆರಡು ಮನೆ,
ಅದರ ಬಲಕ್ಕೆ ಹದಿನಾರು, ಎಂಟು, ನಾಲ್ಕು, ಎರಡು,
ತುದಿಗೆ ಒಂಟಿ ಮನೆ.
ಮೊದಲ ದಿನ ಆರುನೂರ ನಲವತ್ತರ ಕೆಲಸ.
ಕಪ್ಪು ಎತ್ತುವ ದಿನ ನನಗೆ ಇಪ್ಪತ್ತೇ.

ಸ್ತ್ರ್ನಾಡ್ ಅಂತ ಒಬ್ಬ, ಚೆಕ್ ದೇಶದವನು.
ಸಕಾರದ ಕೆಳಗೆ ತ, ಅದರ ಕೆಳಗೆ ರ, ಅದಕ್ಕೂ ಕೆಳಗೆ ನ,
ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಸುತ್ತ ಹೋದೆ.
ಬಾಲ ಕೆಳಗಿನ ಮನೆಯವನ ನೆತ್ತಿಗೆ ತಾಗಿತು.
ಮರುದಿನ ಆ ಕೆಳಗಿನವನು ಅವನಿಂದಲೇ ಸೋತ.
ನನ್ನದೇನೂ ತಪ್ಪಿಲ್ಲ.

ಸ್ಕೋರು ಮೊದಲು ನಮ್ಮ ಅಂಕಿಯಲ್ಲೇ ಬರೆದೆ.
೬–೩ ಅಂದರೆ ಎದುರುಬದುರು ಕೂತು ಮಾತಾಡುವ ಇಬ್ಬರು,
೩–೬ ಅಂದರೆ ಮುನಿಸಿಕೊಂಡು ಬೆನ್ನು ತಿರುಗಿಸಿದವರು.
ಒಂದೇ ಆಟದಲ್ಲಿ ಎರಡೂ. ಸಂಸಾರವೇ ಸೈ ಅಂದುಕೊಂಡೆ.
ರೆಫ್ರಿ ಬಂದು, ಅಳಿಸಿ ಇಂಗ್ಲಿಷ್ ಅಂಕಿ ಹಾಕು ಅಂದ.
ಅಂಕಿಗೆ ರೊಕ್ಕ ಇರಲಿಲ್ಲ,
ಎರಡು ಸಲ ಬರೆದರೂ.

ಮನೆಯಲ್ಲಿ ಹುಲಿಗೆಮ್ಮ ಜೀನ್ಸಿಗೆ ಜಿಪ್ಪು ಕೂಡಿಸುತ್ತ ಕೇಳಿದಳು:
ಹದಿನೈದು, ಮೂವತ್ತು, ಆಮೇಲೆ ನಲವತ್ತಾ?
ಐದು ಎಲ್ಲಿಗೆ ಹೋಯಿತು?
ನಮ್ಮ ಮೇಸ್ತ್ರಿ ಪ್ಯಾಂಟು ಎಣಿಸೋದೂ ಹಿಂಗೇ.

ಸೋಮವಾರ ರಾತ್ರಿ ಹನ್ನೊಂದನೇ ಮನೆಯವನಿಗೆ ಹೊಟ್ಟೆ ಕೆಟ್ಟಿತು.
ಪುಣೆಯ ಹುಡುಗ. ಮಿರ್ಚಿ ಯಾರು ತಿನ್ನಿಸಿದರೋ.
ಅವನ ಜಾಗಕ್ಕೆ, ಅರ್ಹತಾ ಸುತ್ತಿನಲ್ಲೇ ಸೋತು
ಗಂಟುಮೂಟೆ ಕಟ್ಟಿದ್ದ ಗುಂಟೂರಿನ ಯಡ್ಲಪಲ್ಲಿ ಬಂದ.
ಸೋತೂ ಒಳಗೆ ಬಂದವನಿಗೆ ಈ ಆಟದಲ್ಲಿ
ಅದೃಷ್ಟದ ಸೋಲುಗಾರ ಅನ್ನುತ್ತಾರಂತೆ.
ಹಳೆಯ ಹೆಸರಿನ ಮೇಲೆ ಬಿಳಿ ಬಳಿದು
ಅದು ಒಣಗಲಿ ಅಂತ ರಟ್ಟಿನಿಂದ ಗಾಳಿ ಹಾಕುತ್ತಿದ್ದೆ.
ಹಿಂದೆ ಬಂದು ನಿಂತವನು,
"ಅನ್ನಾ, ಕೊಂಚೆಂ ಲಾವುಗಾ ರಾಯಂಡಿ" ಅಂದ.
ದಪ್ಪಗೇ ಬರೆದೆ. ಅಂಚಿಗೊಂದು ನೀಲಿ ನೆರಳನ್ನೂ ಕೊಟ್ಟೆ,
ಲಾರಿ ಓನರುಗಳ ಹೆಸರಿಗೆ ಕೊಡುವ ಹಾಗೆ.

ಮೂರನೇ ಅಂಕಣ, ಬೆಳಗಿನ ಹತ್ತೂವರೆ.
ಆಚೆ ಇಡೀ ಗುಡ್ಡ ಒಂದೇ ಬಂಡೆಯಾಗಿ ಕಾಯುತ್ತಿತ್ತು.
ಚೆಂಡಿಗೆ ಅದಿರಿನ ಧೂಳು ಮೆತ್ತಿ
ಹಳದಿ ಹೋಗಿ ಇಟ್ಟಿಗೆ ಬಣ್ಣ.
ಸರ್ವಿಸಿಗೆ ಮೊದಲು ಅವನು ಮೂರು ಚೆಂಡು ನೋಡಿ
ಎರಡನ್ನು ಹಿಂದಕ್ಕೆ ಎಸೆಯುತ್ತಿದ್ದ,
ಸಂತೆಯಲ್ಲಿ ಬದನೆಕಾಯಿ ಆರಿಸುವವರ ಗತ್ತಿನಲ್ಲಿ.
ನೋಡುವವರು ನಾವು ಏಳು ಜನ, ಅದರಲ್ಲಿ ಇಬ್ಬರು ಮಾಲಿಗಳು.
ಒಂದು ಸೆಟ್ಟು ಗೆದ್ದ.
ಆಮೇಲೆ ಬಿಸಿಲು ಅವನ ಕಡೆ ತಿರುಗಿತು.

ಸಂಜೆ ಬೋರ್ಡಿನ ಮುಂದೆ ನನ್ನನ್ನು ನಿಲ್ಲಿಸಿ
ತನ್ನ ಹೆಸರು ಕಾಣುವ ಹಾಗೆ ಒಂದು ಫೋಟೋ ತೆಗೆದ.
ಬ್ಯಾಟುಗಳ ಚೀಲ ಹೆಗಲಿಗೇರಿಸಿ,
ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಹಿಡಿದು
ಗುಂತಕಲ್ಲಿನ ರೈಲಿಗೆ ಆಟೋ ಹತ್ತಿದ.

ಭಾನುವಾರ ಗೆದ್ದವನ ಹೆಸರು ಎರಡೇ ಅಕ್ಷರ.
ಬರೆಯುವುದರಲ್ಲಿ ಏನೂ ಇರಲಿಲ್ಲ.
ಅವನು ಕಪ್ಪು ಹಿಡಿದು ನಿಂತದ್ದು
ಆ ಕಡೆಯ ಇಂಗ್ಲಿಷ್ ಬೋರ್ಡಿನ ಮುಂದೆ.

ಕಾರ್ಯದರ್ಶಿ ಕನ್ನಡಕ ಏರಿಸಿ ಬೆರಳಿಟ್ಟು ಎಣಿಸಿದರು:
ಅರವತ್ತಮೂರು. ಪುರಾತನರ ಲೆಕ್ಕ ಕಣಯ್ಯಾ, ಪುಣ್ಯವಂತ ನೀನು,
ಅಂತ ನಗುತ್ತ ಸಾವಿರದ ಇನ್ನೂರ ಅರವತ್ತು ಕೈಗಿಟ್ಟರು.
ನಾನೂ ನಕ್ಕೆ.

ಬಿಸಿಲು ಅಡ್ಡ ಬಿದ್ದು ಬೋರ್ಡಿನ ಮೈಯೆಲ್ಲ ಉಬ್ಬುತಗ್ಗು ಎದ್ದಿತ್ತು.
ಹನ್ನೊಂದನೇ ಮನೆಯಲ್ಲಿ, ನೀಲಿ ನೆರಳಿನ ಒಳಗಿಂದ,
ಬಿಳಿಯನ್ನು ಒಂಚೂರು ಎತ್ತಿಕೊಂಡು
ಒಂದು ಚೆಂಡನ್ನೂ ಹೊಡೆಯದೆ ಹೋದ ಪುಣೆಯ ಹುಡುಗನ
ಕೊಂಬು, ದೀರ್ಘ, ಅರ್ಧ ತಲೆಕಟ್ಟು.

ಅರವತ್ತನಾಲ್ಕು, ಸಾರ್, ಅಂದೆ.
ಅವರು ಆಗಲೇ ಬಲೆ ಸುತ್ತಿಸುತ್ತಿದ್ದರು.